ಹೋದ ವರ್ಷದ್ದೇ ಚೆನ್ನಾಗಿತ್ತು

ಯಾವುದೋ ಬೇರಿಂಗ್ ಕಂಪನಿಯವರು ಹೊಸ ವರ್ಷಕ್ಕೆ ಹಂಚಿದ ಡೈರಿಯೊಂದು ನನ್ನ ಹತ್ತಿರ ಇದೆ. ಅದರೊಳಗಿನ ತಾರೀಖುಗಳಿಗೂ ನಾನು ಬರೆದದ್ದಕ್ಕೂ ಸಂಬಂಧವಿಲ್ಲ. ಕುಡಿದ ಬಿಯರುಗಳ ಲೆಕ್ಕ ಅದು. ಮೊನ್ನೆ ಪುಣೆಯ ಬಾಣೇರಿನ ಮನೆ ಖಾಲಿ ಮಾಡುವಾಗ ಕೈಗೆ ಸಿಕ್ಕಿತು. ಡಬ್ಬ ಕಟ್ಟುವುದನ್ನು ಅಲ್ಲಿಗೇ ಬಿಟ್ಟು ನೆಲದ ಮೇಲೆ ಕೂತು ಓದಿದೆ. ಇಲ್ಲೊಂದು ಬ್ರೂಪಬ್ಬಿನಲ್ಲಿ, ಅಂದರೆ ಬಿಯರನ್ನು ತಾವೇ ಕಾಯಿಸಿ ಕೊಡುವ ಬಾರಿನಲ್ಲಿ, ಪ್ರತಿ ಬೇಸಿಗೆ ಮಾವಿನ ಬಿಯರ್ ಮಾಡುತ್ತಾರೆ. ಏಪ್ರಿಲ್‌ನಲ್ಲಿ ಬರುತ್ತದೆ, ಮಳೆ ಹಿಡಿದುಕೊಳ್ಳುವ ಹೊತ್ತಿಗೆ ಪೀಪಾಯಿ ಬರಿದಾಗಿರುತ್ತದೆ. ಈ ವರ್ಷಕ್ಕೆ ಮೊದಲು ಅದನ್ನು ಮೂರು ಬೇಸಿಗೆ ಕುಡಿದಿದ್ದೇನೆ, ಮೂರು ಸಲವೂ ಬರೆದಿಟ್ಟಿದ್ದೇನೆ. ಮೊದಲ ವರ್ಷದ ಟಿಪ್ಪಣಿ: 'ನೈಸ್, ಫ್ರೂಟಿ, ಗುಡ್ ಫಿನಿಶ್.' ಎರಡನೇ ವರ್ಷದ್ದು: 'ಹೋದ ವರ್ಷದಷ್ಟು ಚೆನ್ನಾಗಿಲ್ಲ.' ಮೂರನೇ ವರ್ಷದ್ದೂ ಅದೇ, ಅಕ್ಷರ ಬಿಡದೆ: 'ಹೋದ ವರ್ಷದಷ್ಟು ಚೆನ್ನಾಗಿಲ್ಲ.' ಹೀಗೇ ಇಳಿಯುತ್ತಾ ಹೋದರೆ ಇನ್ನೆರಡು ವರ್ಷಕ್ಕೆ ಅದನ್ನು ಎಮ್ಮೆಗೂ ಇಡಬಾರದು. ಆದರೂ ನಾನು ವರ್ಷವರ್ಷವೂ ಹೋಗುತ್ತೇನೆ, ಎರಡೆರಡು ಗ್ಲಾಸು ಕುಡಿದು ಬರುತ್ತೇನೆ.

ನಗು ಬಂತು, ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು. ಯಾಕೆಂದರೆ ಹೋಲಿಸುವುದೇ ನನ್ನ ಹೊಟ್ಟೆಪಾಡು. ಚಾಕಣದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು ನಾನು. ಒಂದು ಭಾಗ ಬಂದರೆ ಗೇಜ್ ಇಟ್ಟು ಅಳತೆ ನೋಡಬೇಕು. ಗೇಜ್ ಸರಿಯಿದೆಯೋ ಇಲ್ಲವೋ ಅಂತ ನೋಡಲಿಕ್ಕೆ ಅದರ ತಲೆಯ ಮೇಲೊಂದು ಮಾಸ್ಟರ್ ಇರುತ್ತದೆ. ಮರದ ಪೆಟ್ಟಿಗೆಯಲ್ಲಿ ಮಲಗಿರುವ ಹೊಳೆಯುವ ಉಕ್ಕಿನ ತುಂಡುಗಳು, ಕೋಣೆ 20 ಡಿಗ್ರಿಯಲ್ಲೇ ಇರಬೇಕು, ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಮೈಬಿಸಿಗೇ ಉಕ್ಕು ಹಿಗ್ಗುತ್ತದೆ. ಇಷ್ಟೆಲ್ಲ ಮಡಿ ಮಾಡುವವನು, ಸಂಜೆ ಆರರ ಮೇಲೆ, ಇಲ್ಲದ ಬಿಯರಿಗೆ ಇರುವ ಬಿಯರನ್ನು ಹೋಲಿಸಿ ತೀರ್ಪು ಬರೆದಿದ್ದೇನೆ. ಹೋದ ವರ್ಷದ ಮಾವಿನ ಬಿಯರ್ ಈಗ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಉಳಿದಿರುವುದು ಡೈರಿಯ ಸಾಲು ಮಾತ್ರ. ಆ ಸಾಲಿನಲ್ಲಿ ಇರುವುದೋ, 'ನೈಸ್, ಫ್ರೂಟಿ.'

ಯಾವ ಬಿಸ್ಕೀಟು?

ಪುಣೆಯವರಿಗೆ ಈ ಬಿಯರುಗಳು ಹೊಸತೇನಲ್ಲ. ಡೂಲಾಲಿ ಅನ್ನುವ ಬ್ರೂಪಬ್ ಇಲ್ಲಿ 2009ರಲ್ಲೇ ಶುರುವಾಯಿತು, ಬೆಂಗಳೂರಿನಲ್ಲಿ ಟಾಯಿಟ್ ಬ್ರೂಪಬ್ ಬಾಗಿಲು ತೆರೆಯುವ ಮೊದಲು. (ಬೆಂಗಳೂರಿನವರ ಮುಂದೆ ಈ ಮಾತು ಆಡಿ ನೋಡಿ, ಮುಖ ಹೇಗಾಗುತ್ತದೆ ಅಂತ.) ಡೂಲಾಲಿ ಅಂದರೆ ನಾಸಿಕದ ಹತ್ತಿರದ ದೇವಳಾಲಿ. ಊರಿಗೆ ಹೋಗುವ ಹಡಗು ಕಾಯುತ್ತಾ ಅಲ್ಲಿನ ದಂಡಿನಲ್ಲಿ ಕೊಳೆಯುತ್ತಿದ್ದ ಬ್ರಿಟಿಷ್ ಸಿಪಾಯಿಗಳಿಗೆ ತಲೆ ಕೆಡುತ್ತಿತ್ತಂತೆ. ಅದಕ್ಕೆ 'ಡೂಲಾಲಿ ಟ್ಯಾಪ್' ಅನ್ನುತ್ತಿದ್ದರು. ಆ ಟ್ಯಾಪ್ ನಮ್ಮ 'ತಾಪ'. ಜ್ವರ, ಕಾವು. ನಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ನಲ್ಲಿಯಿಂದ ಬಿಯರ್ ಬಿಡುವ ಟ್ಯಾಪ್‌ರೂಮಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಆಮೇಲೆ ಇಂಡಿಪೆಂಡೆನ್ಸ್ ಅನ್ನುವ ಬ್ರೂಪಬ್ ಬಂತು, ಎಫಿಂಗಟ್ ಬಂತು, ಗ್ರೇಟ್ ಸ್ಟೇಟ್ ಬಂತು, ಕೊನೆಗೆ ಬೆಂಗಳೂರಿನ ಟಾಯಿಟ್ಟೂ ಇಲ್ಲಿಗೇ ಬಂತು.

ನಾವು ಮೂವರು. ನಾನು ತುರುವೇಕೆರೆ ಕಡೆಯವನು. ಇನ್ನೊಬ್ಬ ಕುಂದಾಪುರದವನು, ಆದರೆ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ಮೂರನೆಯವಳು ವಿಜಯಪುರದವಳು. ಆಕೆಯದು ಮರಾಠಿಯವರ ಹತ್ತಿರ ಕನ್ನಡದ ಧಾಟಿಯಲ್ಲಿ ಮರಾಠಿ, ನಮ್ಮ ಹತ್ತಿರ ಮರಾಠಿಯ ಧಾಟಿಯಲ್ಲಿ ಕನ್ನಡ. ಮೂವರಿಗೂ ಕನ್ನಡವೇ, ಆದರೆ ಮೂರೂ ಬೇರೆ ಬೇರೆ. ಒಂದು ಅಕ್ಟೋಬರಿನಲ್ಲಿ ಹೀಗೇ ಕೂತಿದ್ದೆವು. ಮೇಜಿನ ಮೇಲೆ ಮರದ ಹಲಗೆ, ಹಲಗೆಯ ತೂತುಗಳಲ್ಲಿ ಐದು ಪುಟ್ಟ ಗ್ಲಾಸು, ಪಕ್ಕದಲ್ಲಿ ಒಂದೊಂದರ ರುಚಿ ಹೇಗಿದೆ ಅಂತ ಅಚ್ಚು ಹಾಕಿಸಿದ ಕಾರ್ಡು. ನಾನು ಡೈರಿ ತೆಗೆದು ಕಾರ್ಡು ನೋಡಿ ಬರೆದುಕೊಳ್ಳುತ್ತಿದ್ದೆ. ಹೌದು, ಕುಡಿಯುವುದಕ್ಕೂ ಮೊದಲೇ. ನಾಲ್ಕನೇ ಗ್ಲಾಸಿನ ಮುಂದೆ 'ಬಿಸ್ಕಿಟ್, ಟೋಸ್ಟ್, ಲೈಟ್ ಕ್ಯಾರಮೆಲ್' ಅಂತಿತ್ತು. ವಿಜಯಪುರದವಳು ಒಂದು ಗುಟುಕು ಎಳೆದು, ಕಾರ್ಡನ್ನು ಹಿಂದುಮುಂದು ತಿರುಗಿಸಿ ನೋಡಿ, "ಯಾವ ಬಿಸ್ಕೀಟಂತ ಬರೀಬೇಕಿಲ್ಲೋ ಇವ್ರು? ಪಾರ್ಲೇನೋ, ಮಾರೀನೋ, ಖಾರೀನೋ?" ಅಂದಳು.

ಆಕೆ ತಮಾಷೆಗೆ ಅಂದದ್ದು, ನನಗೆ ಗಂಟಲಲ್ಲಿ ಮುಳ್ಳಾಯಿತು. ನಾನು ಆ ಗ್ಲಾಸನ್ನು ಮೂಸುವಾಗ ಬಿಸ್ಕೀಟನ್ನೇ ಹುಡುಕುತ್ತಿದ್ದೆ. ಸಿಗುತ್ತಿರಲಿಲ್ಲ. ಸಿಗದಿದ್ದದ್ದಕ್ಕೆ ನನ್ನ ಮೂಗೇ ಸರಿಯಿಲ್ಲ ಅಂದುಕೊಂಡು 'ಬಿಸ್ಕಿಟ್' ಅಂತ ಬರೆದೂ ಆಗಿತ್ತು. ಕಾರ್ಡು ಮಗುಚಿಟ್ಟು ಇನ್ನೊಂದು ಸಲ ಮೂಸಿದೆ. ಬಿಸ್ಕೀಟು ಇರಲಿಲ್ಲ. ಅಲ್ಲಿದ್ದದ್ದು ಅಜ್ಜಿ ರಾಗಿ ಹುರಿಯುವಾಗಿನ ವಾಸನೆ.

ರಾಗಿಯ ಗಂಟು

ನಮ್ಮ ಮನೆಯಲ್ಲಿ ಮಕ್ಕಳಿಗೆ, ಬಾಣಂತಿಯರಿಗೆ, ಜ್ವರ ಬಿಟ್ಟವರಿಗೆ ರಾಗಿ ಮಾಲ್ಟು. ಅಂಗಡಿಯಿಂದ ತಂದದ್ದಲ್ಲ. ಅಜ್ಜಿ ಸಂಜೆ ರಾಗಿ ನೆನೆಹಾಕುತ್ತಿದ್ದರು, ಬೆಳಿಗ್ಗೆ ನೀರು ಬಸಿದು ತಾತನ ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಕುಕ್ಕೆಯಲ್ಲಿಟ್ಟು ಮೇಲೊಂದು ಗುಂಡುಕಲ್ಲು ಹೇರುತ್ತಿದ್ದರು. ಎರಡನೇ ದಿನಕ್ಕೆ ಬಟ್ಟೆಯ ನೇಯ್ಗೆಯೊಳಗಿಂದ ಬಿಳಿ ಮೊಳಕೆಗಳು ಹೊರಗೆ ಇಣುಕುತ್ತಿದ್ದವು. ಗಂಟು ಬಿಚ್ಚಿದರೆ ಒಳಗಿನದು ಒಂದೇ ಉಂಡೆ, ಬೇರಿಗೆ ಬೇರು ಹೆಣೆದುಕೊಂಡು, ಮುಟ್ಟಿದರೆ ಬೆಚ್ಚಗೆ. ನೀರೇ ಹಾಕಿ ಕಟ್ಟಿದ್ದು ಬಿಸಿ ಹೇಗಾಯಿತು ಅನ್ನುವುದು ನನ್ನ ಆಗಿನ ದೊಡ್ಡ ಸೋಜಿಗ. ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುವುದು, ಗುಬ್ಬಿ ಓಡಿಸುವುದು ನನ್ನ ಕೆಲಸ. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಮೊಳಕೆಯ ಬೇರನ್ನೆಲ್ಲ ಹಾರಿಸಿ, ಕೊನೆಗೆ ಬಾಣಲೆಗೆ. ಸೌದೆ ಒಲೆ, ಸಣ್ಣ ಉರಿ. ಮೊದಲು ಹುಲ್ಲಿನ ಹಸಿವಾಸನೆ, ಆಮೇಲೆ ಮಣ್ಣಿಗೆ ಮಳೆ ಬಿದ್ದಂಥದ್ದು, ಆಮೇಲೆ ಇದ್ದಕ್ಕಿದ್ದ ಹಾಗೆ ಘಮ್ಮನೆ ಇಡೀ ಹಟ್ಟಿಗೆ ಹರಡುವ ಹುರಿಹಿಟ್ಟಿನ ವಾಸನೆ. ಆ ಮೂರನೆಯದು ಬಂದ ಕ್ಷಣಕ್ಕೆ ಅಜ್ಜಿ ಬಾಣಲೆ ಇಳಿಸುತ್ತಿದ್ದರು. ಇನ್ನು ಹತ್ತು ಎಣಿಸುವಷ್ಟು ಬಿಟ್ಟರೆ ಸೀದು ಹೋಗುತ್ತದೆ.

ಬಿಯರಿನ ಬಾರ್ಲಿಗೆ ಮಾಡುವುದೂ ಇದನ್ನೇ. ನೆನೆಹಾಕು, ನಾಲ್ಕೈದು ದಿನ ಮೊಳಕೆ ಬರಿಸು, ಬಿಸಿಗಾಳಿಯಲ್ಲಿ ಒಣಗಿಸು, ಬೇರು ಉದುರಿಸು. ಕಾಳು ಮೊಳೆಯುವಾಗ ತನ್ನ ಒಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳಲಿಕ್ಕೆ ಕಿಣ್ವ ತಯಾರಿಸುತ್ತದೆ. ಮೊಳಕೆ ಕಟ್ಟಿದ ರಾಗಿಯ ಗಂಜಿ ಸಿಹಿಯಾಗಿ ತೆಳ್ಳಗಾಗುವುದೂ, ಬಾರ್ಲಿಯನ್ನು ಬಿಸಿನೀರಲ್ಲಿ ಕಲಸಿದರೆ ಯೀಸ್ಟಿಗೆ ತಿನ್ನಲು ಸಕ್ಕರೆ ಸಿಗುವುದೂ ಒಂದೇ ಕಾರಣಕ್ಕೆ. ಗಂಟು ಬೆಚ್ಚಗಿದ್ದದ್ದು ಯಾಕೆ ಅಂದರೆ ಕಾಳು ಉಸಿರಾಡುತ್ತಿತ್ತು. ಹುರಿದಾಗ ಘಮ್ಮೆನ್ನುವುದು ಸಕ್ಕರೆಯೂ ಪ್ರೋಟೀನಿನ ಅಂಶಗಳೂ ಕಾವಿಗೆ ಕೂಡಿಕೊಳ್ಳುವ ಮೈಲಾರ್ಡ್ ಕ್ರಿಯೆ. ದೋಸೆಯ ಕೆಂಪಿಗೂ ಅದೇ ಕಾರಣ. ಆ ನಾಲ್ಕನೇ ಗ್ಲಾಸಿನ ಬಿಯರಿಗೆ ಹಾಕುವ ಮಾಲ್ಟನ್ನು ಮಾಮೂಲಿಗಿಂತ ಹೆಚ್ಚು ಕಾವಿನಲ್ಲಿ ಒಣಗಿಸಿರುತ್ತಾರೆ. ಅಜ್ಜಿಗೆ ಈ ವಿಷಯ ಹೇಳಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದರು. ಹೆಂಡದ ಅಂಗಡಿ ಇರುವ ಬೀದಿಯಲ್ಲಿ ನಡೆದರೂ ಸ್ನಾನ ಮಾಡುತ್ತಿದ್ದ ಹೆಂಗಸು.

ಒಂದು ಆಷಾಢದಲ್ಲಿ ಬಿಸಿಲೇ ಬರಲಿಲ್ಲ. ರಾಗಿ ಗಂಟಿನಲ್ಲೇ ಮೂರು ದಿನ ಕೂತಿತು. ಅಜ್ಜಿ ಗಂಟು ಬಿಚ್ಚುವ ಮೊದಲೇ ಮೂಗಿನ ಹತ್ತಿರ ಹಿಡಿದು "ಮುಗ್ಗಿದೆ" ಅಂದರು, ಹಾಗೇ ತೆಗೆದುಕೊಂಡು ಹೋಗಿ ಗೊಬ್ಬರದ ಗುಂಡಿಗೆ ಹಾಕಿದರು. ನಮ್ಮ ಕಣ್ಣಿಗೆ ಅದು ಎಂದಿನ ರಾಗಿಯೇ. ಆ 'ಮುಗ್ಗು' ಯಾವ ಕಾರ್ಡಿನಲ್ಲೂ ಇಲ್ಲ. ಹಳೇ ಸ್ಟಾಕಿನ ಒಂದು ಬಾಟಲಿ ತೆರೆದಾಗ ನನಗೆ ಅದು ಥಟ್ಟನೆ ಸಿಕ್ಕಿತು. ಬಿಯರಿಗೆ ಗಾಳಿ ತಾಗಿ ಹಳತಾದರೆ ನೆಂದ ರಟ್ಟಿನ ವಾಸನೆ ಬರುತ್ತದೆ ಅಂತ ಬ್ರೂವರುಗಳು ಹೇಳುತ್ತಾರೆ. ನೆಂದ ರಟ್ಟನ್ನು ನಾನು ಯಾವತ್ತೂ ಮೂಸಿಲ್ಲ, ಮುಗ್ಗಿದ ಕಾಳು ಮೂಸಿದ್ದೇನೆ.

ಅಕ್ಟೋಬರಿನ ಸೆಕೆಯಲ್ಲಿ ಮಾರ್ಚಿನ ಬಿಯರು

ಆ ನಾಲ್ಕನೇ ಗ್ಲಾಸು ಮೇರ್ಟ್ಸೆನ್ ಅನ್ನುವ ಜರ್ಮನ್ ಬಿಯರ್. ಹೆಸರಿನ ಅರ್ಥ ಮಾರ್ಚಿನದು. ಬವೇರಿಯಾದಲ್ಲಿ 1553ರಲ್ಲಿ ಒಂದು ಕಟ್ಟಳೆ ಬಂತು, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕಾಯಿಸಕೂಡದು ಅಂತ. ಬೇಸಿಗೆಯಲ್ಲಿ ಮಾಡಿದ್ದು ಕೆಡುತ್ತಿತ್ತು. ಹಾಗಾಗಿ ಮಾರ್ಚಿನಲ್ಲೇ ಸ್ವಲ್ಪ ಗಟ್ಟಿಯಾಗಿ ಮಾಡಿ ತಣ್ಣನೆಯ ನೆಲಮಾಳಿಗೆಗೆ ಇಳಿಸುತ್ತಿದ್ದರು. ಬೇಸಿಗೆಯಿಡೀ ಕುಡಿದು ಮಿಕ್ಕಿದ್ದನ್ನು ಹೊಸ ಬಿಯರ್ ಬರುವ ಮೊದಲು ಖಾಲಿ ಮಾಡಬೇಕು. ಅದು ಅವರ ಹಂಗಾಮು. ನಾವು ಆಷಾಢಕ್ಕೆ ಮೊದಲು ಹಪ್ಪಳ ಸಂಡಿಗೆ ಮಾಡಿ ಡಬ್ಬ ತುಂಬಿಕೊಳ್ಳುವ ಹಾಗೆ.

ಪುಣೆಯಲ್ಲಿ ಅಕ್ಟೋಬರ್ ಅಂದರೆ 'ಅಕ್ಟೋಬರ್ ಹೀಟ್'. ಮಳೆ ನಿಂತು, ನೆಲದ ತೇವ ಆರುವ ಮೊದಲೇ ಬಿಸಿಲು ಬಿದ್ದು, ಮೈ ಬೆವೆತು ಅಂಟಂಟಾಗುವ ಇನ್ನೊಂದು ಸಣ್ಣ ಬೇಸಿಗೆ. ಆ ಸೆಕೆಯಲ್ಲಿ ಹುರಿಹಿಟ್ಟಿನ ಬಿಯರ್ ಯಾಕೆ ಕುಡಿಯಬೇಕು? ಜರ್ಮನಿಯವರು ಕುಡಿಯುತ್ತಾರೆ ಅಂತ. ತಂಪು ಮಾಡುವ ಯಂತ್ರ ಸುತ್ತಿದ ಸ್ಟೀಲ್ ತೊಟ್ಟಿಯೊಳಗೆ ವರ್ಷವೆಲ್ಲಾ ಮಾರ್ಚಿನ ಚಳಿಯೇ. ಅಲ್ಲಿನ ಹಂಗಾಮಿಗೆ ಇದ್ದ ಕಾರಣ ಇಲ್ಲಿಲ್ಲ, ಹೆಸರು ಮಾತ್ರ ಹಡಗು ಹತ್ತಿ ಬಂದಿದೆ. ಹಾಗಂತ ಆ ಬಿಯರ್ ಕೆಟ್ಟದ್ದೇನಲ್ಲ, ಅವತ್ತಿನ ಐದರಲ್ಲಿ ನನಗೆ ಹಿಡಿಸಿದ್ದು ಅದೊಂದೇ. ಅದನ್ನು ಮಾಡುವುದೂ ಸಲೀಸಲ್ಲ. ಲಾಗರ್ ಜಾತಿಯದಾದ್ದರಿಂದ ಯೀಸ್ಟು ಹತ್ತು ಡಿಗ್ರಿ ಆಸುಪಾಸಿನಲ್ಲಿ ನಿಧಾನಕ್ಕೆ ಕೆಲಸ ಮಾಡಬೇಕು, ಆಮೇಲೆ ವಾರಗಟ್ಟಲೆ ತಣ್ಣಗೆ ಮಲಗಿರಬೇಕು. ನಾಲ್ಕಾರು ತೊಟ್ಟಿ ಇಟ್ಟುಕೊಂಡ ಬ್ರೂಪಬ್ಬಿಗೆ ಒಂದನ್ನು ಅಷ್ಟು ದಿನ ಕಟ್ಟಿಹಾಕುವುದು ಅಂದರೆ ಬಾಡಿಗೆ ಬಾರದ ಮನೆ ಇದ್ದ ಹಾಗೆ. ಬೇಗ ಕೈಗೆ ಬರುವ ಗೋಧಿ ಬಿಯರುಗಳೇ ಎಲ್ಲಾ ಕಡೆ ಹರಿಯುವುದಕ್ಕೆ ರುಚಿಗಿಂತ ದೊಡ್ಡ ಕಾರಣ ಇದು.

ನನ್ನ ಮಟ್ಟಿಗೆ ಹಂಗಾಮು ಅಂದರೆ ಅವರೆಕಾಯಿ. ಇಬ್ಬನಿ ಬೀಳಲು ಶುರುವಾದ ಮೇಲೆ ಬರುವ ಅವರೆಗೆ ಸೊಗಡು ಇರುತ್ತದೆ. ಬಿಡಿಸಿದರೆ ಬೆರಳಿಗೆ ಎಣ್ಣೆಯ ಹಾಗೆ ಅಂಟಿಕೊಂಡು, ಸೋಪು ಹಾಕಿ ತೊಳೆದರೂ ರಾತ್ರಿ ಮಲಗುವಾಗ ಮತ್ತೆ ಮೂಗಿಗೆ ಬರುತ್ತದೆ. ಪುಣೆಯ ಸೂಪರ್ ಮಾರ್ಕೆಟ್ಟಿನಲ್ಲಿ ಜುಲೈಯಲ್ಲೂ ಅವರೆಕಾಳು ಸಿಗುತ್ತದೆ, ಹೆಪ್ಪುಗಟ್ಟಿಸಿದ ಪೊಟ್ಟಣದಲ್ಲಿ. ಒಂದು ಸಲ ತಂದು ಹಿತಕಿ ಸಾರು ಮಾಡಿದೆ. ಕಾಳೇನೋ ಬೆಂದಿತು. ಸೊಗಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಅವತ್ತು ಕುಂದಾಪುರದವನು ಕೇಳಿದ್ದ, ಹೇಳಲಾಗಲಿಲ್ಲ. ಕನ್ನಡದಲ್ಲೇ ಅವನಿಗೆ ಅರ್ಥ ಮಾಡಿಸಲಾಗಲಿಲ್ಲ. ಅವರ ಕಡೆ ಅವರೆಯ ಹುಚ್ಚಿಲ್ಲ, ಅವರದ್ದೇನಿದ್ದರೂ ಪುನರ್ಪುಳಿ, ಅಂದರೆ ಕೋಕಂ ಅನ್ನುವ ಹುಳಿಹಣ್ಣು.

ಸೇಡಿಗೆ ಪುನರ್ಪುಳಿಯನ್ನು ಅವನು ನನಗೆ ಕಲಿಸಿದ. ಕೋಕಂ ಹಾಕಿದ ಗೋಜ಼ಾ ಅಂತ ಒಂದು ಬಿಯರ್ ಬಂದಿತ್ತು. ಗೋಜ಼ಾ ಜರ್ಮನಿಯ ಗೋಸ್ಲಾರ್ ಊರಿನ ಹಳೇ ಬಗೆ, ಗೋಧಿಯ ಹುಳಿ ಬಿಯರಿಗೆ ಉಪ್ಪು, ಕೊತ್ತಂಬರಿ ಬೀಜ ಹಾಕುವುದು. ನಾನು ಕುಡಿದು ಮುಖ ಕಿವುಚಿದೆ. ಅವನು ಕುಡಿದು ಸುಮ್ಮನೆ ಕೂತ, ಆಮೇಲೆ "ಒಗ್ಗರಣೆ ಒಂದ್ ಇಲ್ಲೆ, ಅಷ್ಟೆ" ಅಂದ. ಹುಳಿ, ಉಪ್ಪು, ಕೊತ್ತಂಬರಿ. ಹೌದಲ್ಲ, ಸಾರೇ ಅದು. ಆ ರಾತ್ರಿ ನನಗೆ ಆ ಬಿಯರ್ ಅರ್ಥವಾದದ್ದು ಗೋಸ್ಲಾರಿನಿಂದ ಅಲ್ಲ, ಇಲ್ಲದ ಒಗ್ಗರಣೆಯಿಂದ.

ಸೊನೆ

ಇದಾದ ಮೇಲೆ ಡೈರಿಯಲ್ಲಿ ಕನ್ನಡದಲ್ಲೇ ಬರೆಯಲು ಶುರು ಮಾಡಿದೆ. ಭಾಷಾಪ್ರೇಮದ ಮಾತಲ್ಲ. ಇಂಗ್ಲಿಷಿನಲ್ಲಿ ಬರೆದರೆ ಕಾರ್ಡಿನ ಮಾತು ಬರುತ್ತದೆ, ಅಷ್ಟೇ. ಕಾರ್ಡು ಮಗುಚಿಡುವುದು, ಮೂವರೂ ಒಬ್ಬರಿಗೊಬ್ಬರು ತೋರಿಸದೆ ಬರೆಯುವುದು, ಆಮೇಲೆ ಓದುವುದು. ಮೂರು ಕನ್ನಡಕ್ಕೆ ಹೊಡೆದಾಟವೇ ಆಗುತ್ತಿತ್ತು. ನೇರಳೆ ಹಣ್ಣಿನ ಬಿಯರಿಗೆ ನಾನು 'ಒಗರು' ಅಂದರೆ ಕುಂದಾಪುರದವನು 'ಕನರು' ಅನ್ನುವನು. ಎರಡೂ ಒಂದೇ ಅಂತ ವಿಜಯಪುರದವಳು. ಒಂದೇ ಅಲ್ಲ. ಒಗರು ನಾಲಗೆಯನ್ನು ಹಿಡಿದು ಒಣಗಿಸುವುದು, ಅಡಿಕೆಯ ಹಾಗೆ. ಕನರು ನುಂಗಿದ ಮೇಲೆ ಗಂಟಲ ಹಿಂದೆ ಏಳುವ ಹಸಿ, ಬೇಯದ ತೊಗರಿಬೇಳೆಯ ಹಾಗೆ. ಈ ಜಗಳದ ನಡುವೆ ಗೊತ್ತಾದದ್ದೇನೆಂದರೆ ಆ ಬಿಯರಿನಲ್ಲಿ ಎರಡೂ ಇದ್ದವು.

ಒಂದು ದಿನ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಬಂತು. ಕಹಿ ಮುಂದಾಗಿರುವ ಜಾತಿ. ಹೆಸರಿನಲ್ಲಿ ಇಂಡಿಯಾ ಇರುವುದು, ಲಂಡನ್ನಿನಿಂದ ಆಮೇಲೆ ಬರ್ಟನ್ನಿನಿಂದ ಮುಂಬಯಿ ಕಲ್ಕತ್ತೆಗಳಿಗೆ ಹಡಗಿನಲ್ಲಿ ಬರುತ್ತಿದ್ದ ಕಾರಣಕ್ಕೆ. ಕಹಿ ಕೊಡುವ ಹಾಪ್ಸ್ ಹೂವು ಹೆಚ್ಚು ಹಾಕಿದರೆ ಬಿಯರ್ ಬೇಗ ಕೆಡುವುದಿಲ್ಲ. ಕಾರ್ಡಿನ ಪ್ರಕಾರ ಅದು 'ಟ್ರಾಪಿಕಲ್ ಫ್ರೂಟ್'. ಉಷ್ಣವಲಯದ ಹಣ್ಣು! ನಾವು ಕೂತಿರುವುದೇ ಉಷ್ಣವಲಯದಲ್ಲಿ. ಸಾಸ್ವಡದ ಅಂಜೂರವೂ ಸೀತಾಫಲವೂ ಮನೆ ಹಿಂದಿನ ಪರಂಗಿಯೂ ನಮಗೆ ಟ್ರಾಪಿಕಲ್ಲೇ, ಯಾವುದು ಅಂತ ತಿಳಿಯುವುದು? ನಾನು ಗ್ಲಾಸು ಮೂಸಿ ಒಂದೇ ಪದ ಬರೆದೆ: 'ಸೊನೆ.' ಮಾವಿನಕಾಯಿ ಕಿತ್ತಾಗ ತೊಟ್ಟಿನಿಂದ ಚಿಮ್ಮಿ, ತುಟಿಗೆ ತಾಗಿದರೆ ಸುಟ್ಟು ಹುಣ್ಣಾಗಿಸುವ ಸೊನೆ. ಆ ಘಾಟು. ಗೆಳೆಯರು ನಕ್ಕರು. ಮಾವಿನ ಬಿಯರ್ ಇದಲ್ಲ, ಇದಕ್ಕೆ ಮಾವು ಹಾಕೇ ಇಲ್ಲ ಅಂದರು. ಬ್ರೂವರನ್ನೇ ಕೇಳಿದೆವು. ಹಾಕಿಲ್ಲ ಅಂದ. ಆಮೇಲೆ ಓದಿ ತಿಳಿದದ್ದು: ಹಾಪ್ಸ್ ಹೂವಿನ ಎಣ್ಣೆಯಲ್ಲಿ ಮಿರ್ಸೀನ್ ಅನ್ನುವ ಅಂಶ ಧಾರಾಳವಾಗಿ ಇರುತ್ತದೆ, ಅದೇ ಮಿರ್ಸೀನ್ ಮಾವಿನಲ್ಲೂ ಇದೆ. ಸೊನೆ ಅಂದದ್ದು ಹುಚ್ಚುಮಾತಾಗಿರಲಿಲ್ಲ. ನಿಜ ಹೇಳಬೇಕೆಂದರೆ ಆ ವಾರವಿಡೀ ಕಾರ್ಖಾನೆಯಲ್ಲಿ ಸ್ವಲ್ಪ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಮಾವು ಹಾಕಿದ ಬಿಯರಿನಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ಜನಕ್ಕೆ ಬೇಕಾದದ್ದು ಸೀಕರಣೆ. ಆದರೆ ಹಣ್ಣಿನ ತಿರುಳು ಹಾಕಿದ ಮೇಲೆ ಯೀಸ್ಟು ಸುಮ್ಮನಿರುತ್ತದೆಯೇ, ಸಿಹಿಯನ್ನೆಲ್ಲಾ ತಿಂದು ಹಾಕುತ್ತದೆ. ಉಳಿಯುವುದು ಹುಳಿ, ಒಂದಿಷ್ಟು ಕಂಪು, ಸಿಪ್ಪೆಯ ಒಗರು. ಮಾವು ಅಂತ ಕೇಳಿದ ಕಿವಿ ಸಿಹಿಗೆ ತಯಾರಾಗಿ ಕೂತಿರುತ್ತದೆ, ಬಾಯಿಗೆ ಅದು ಬರುವುದಿಲ್ಲ, ಆಗ ಹೋದ ವರ್ಷದ್ದೇ ಚೆನ್ನಾಗಿತ್ತು ಅನ್ನಿಸುತ್ತದೆ. ಹೋದ ವರ್ಷವೂ ಮೊದಲ ಗುಟುಕಿಗೆ ಹೀಗೇ ಆಗಿತ್ತು. ಆಮೇಲೆ ಎರಡನೇ ಗ್ಲಾಸಿಗೆ ಬಾಯಿ ಹೊಂದಿಕೊಂಡಿತ್ತು. ನೆನಪಿನಲ್ಲಿ ಉಳಿದದ್ದು ಆ ಎರಡನೇ ಗ್ಲಾಸು, ಹೋಲಿಸುವುದು ಈ ವರ್ಷದ ಮೊದಲ ಗುಟುಕಿಗೆ.

ಉಪ್ಪು ಹಾಕಿ ನೋಡಿದ್ದು

ಕುಂದಾಪುರದವನ ಅಪ್ಪ ಮುಂಬಯಿಯ ಮುಲುಂಡಿನಲ್ಲಿ ಪರ್ಮಿಟ್ ರೂಮಿನಲ್ಲಿ ದುಡಿದವರು. ಹದಿನಾಲ್ಕು ವರ್ಷಕ್ಕೆ ಊರು ಬಿಟ್ಟು ಬಂದು, ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು, ಕೊನೆಗೆ ಅದೇ ಥರದ್ದೊಂದು ಜಾಗವನ್ನು ಪಾಲುದಾರಿಕೆಯಲ್ಲಿ ನಡೆಸಿದರು. ಪರ್ಮಿಟ್ ರೂಮ್ ಅನ್ನುವ ಮಾತೇ 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಬಾಲ. ಕುಡಿಯಲು ಪರ್ಮಿಟ್ ಬೇಕು, ಪರ್ಮಿಟ್ ಇದ್ದವನು ಕೂರುವುದಕ್ಕೊಂದು ರೂಮ್ ಬೇಕು. ಮೊಮ್ಮಗಳ ನಾಮಕರಣಕ್ಕೆ ಪುಣೆಗೆ ಬಂದಿದ್ದವರನ್ನು ನಾವು ಬಲವಂತ ಮಾಡಿ ಟ್ಯಾಪ್‌ರೂಮಿಗೆ ಕರೆದುಕೊಂಡು ಹೋದೆವು. ನಮಗೆ ನಮ್ಮ ಬುದ್ಧಿವಂತಿಕೆ ತೋರಿಸುವ ಆಸೆ. ಹೆಸರು ಬೇಡ, ಒಳ್ಳೆಯ ಜಾಗವೇ, ಆಗಾಗ ಹೋಗುತ್ತೇವೆ.

ಅವರು ಏನೂ ಕೇಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತು ಬೇರರುಗಳು ಓಡಾಡುವುದನ್ನೇ ನೋಡುತ್ತಿದ್ದರು. ನಾವು ಗೋಧಿ ಬಿಯರಿನ ಮೇಲೆ ತಕರಾರು ಎತ್ತಿದ್ದೆವು. ನೊರೆ ನಿಲ್ಲುತ್ತಿಲ್ಲ, ಸಪ್ಪೆ ಹೊಡೆಯುತ್ತಿದೆ, ಈ ಬ್ಯಾಚ್ ಕೈಕೊಟ್ಟಿದೆ ಅಂತ ನಾನು ಡೈರಿಯಲ್ಲಿ ಬರೆದೂ ಬಿಟ್ಟೆ. ಅವರು ನನ್ನ ಗ್ಲಾಸನ್ನು ತೆಗೆದುಕೊಂಡು ದೀಪಕ್ಕೆ ಹಿಡಿದರು. "ಗುಳ್ಳೆ ಎಲ್ಲಿ ನಿಂತಿತ್ ಕಾಣ್" ಅಂದರು. ಕಂಡೆ. ಗ್ಲಾಸಿನ ಒಂದು ಪಕ್ಕಕ್ಕೆ ಗುಳ್ಳೆಗಳು ಮುತ್ತಿಕೊಂಡು ಅಂಟಿದ್ದವು, ಮೇಲೆ ಏಳದೆ. "ಬಿಯರಿಗೆ ಎಂತ ಆಯ್ಲಿಲ್ಲ. ಗ್ಲಾಸ್ ಸಮ ತೊಳ್ದಿಲ್ಲೆ." ಬೇರರನ್ನು ಕರೆದು, ಮುಂಬಯಿಯ ಹಿಂದಿಯಲ್ಲಿ, ಗದರದೆ, ಅದೇ ತಟ್ಟೆಯಿಂದ ಒಂದು ಖಾಲಿ ಗ್ಲಾಸೂ ಒಂದು ಲೋಟ ತಣ್ಣೀರೂ ತರಿಸಿಕೊಂಡರು. ಗ್ಲಾಸಿಗೆ ನೀರು ಆಡಿಸಿ ಚೆಲ್ಲಿ, ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯಿಂದ ಒಳಮೈಗೆಲ್ಲಾ ಉಪ್ಪು ಉದುರಿಸಿ ನಿಧಾನಕ್ಕೆ ತಿರುಗಿಸಿದರು. ಒದ್ದೆಯಾದ ಕಡೆಯೆಲ್ಲಾ ಉಪ್ಪು ಮಂಜಿನ ಹಾಗೆ ಹಿಡಿದುಕೊಂಡಿತು. ಅಂಚಿನ ಕೆಳಗೆ ಹೆಬ್ಬೆಟ್ಟಿನಗಲದ ಒಂದು ಜಾಗದಲ್ಲಿ ಮಾತ್ರ ಒಂದು ಹರಳೂ ನಿಲ್ಲಲಿಲ್ಲ. ಜಿಡ್ಡು. ಒರೆಸಿದ ಬಟ್ಟೆಯದ್ದೋ, ಯಾರೋ ಹಚ್ಚಿಕೊಂಡಿದ್ದ ಲಿಪ್‌ಸ್ಟಿಕ್ಕಿನದ್ದೋ. ಜಿಡ್ಡಿದ್ದಲ್ಲಿ ನೊರೆ ಬದುಕುವುದಿಲ್ಲ.

ಅದೇ ಗ್ಲಾಸನ್ನು ಅದೇ ಉಪ್ಪಿನಲ್ಲೇ ಬೆರಳಿಂದ ಉಜ್ಜಿ, ಮೂರು ಸಲ ತೊಳೆದು, ಒರೆಸದೆ ಹಾಗೇ ಕೊಟ್ಟು, ಇದಕ್ಕೆ ತುಂಬಿಸಿಕೊಂಡು ಬಾ ಅಂದರು. ನೊರೆ ಎರಡು ಬೆರಳೆತ್ತರ ನಿಂತಿತು. ಕುಡಿಯುತ್ತಾ ಹೋದಂತೆ ಗ್ಲಾಸಿನ ಒಳಗೆ ಬಳೆ ಬಳೆಯಾಗಿ ಬಿಳಿ ಗೆರೆ ಉಳಿಯಿತು. ಅವರೂ ಒಂದು ಗುಟುಕು ಎಳೆದರು. "ಬಾಳೆಹಣ್ಣ್ ಹಾಕಿದ್ರಾ? ಗೊನೆ ತೂಗಿಸಿ ಮೂರು ದಿನ ಆದ ಅಂಗಡಿ ವಾಸನೆ." ಬಾಳೆಹಣ್ಣು ಹಾಕಿರಲಿಲ್ಲ. ಆ ಬಗೆಯ ಜರ್ಮನ್ ಗೋಧಿ ಬಿಯರಿನ ಯೀಸ್ಟೇ ಐಸೋ ಅಮೈಲ್ ಅಸಿಟೇಟ್ ಅನ್ನುವುದನ್ನು ಮಾಡುತ್ತದೆ, ಮಾಗಿದ ಬಾಳೆಯ ಪರಿಮಳವೂ ಅದೇ. ಕಾರ್ಡಿನಲ್ಲಿ 'ಬನಾನಾ' ಅಂತ ಅಚ್ಚಾಗಿತ್ತು, ಆದರೆ ಅವರು ಕಾರ್ಡು ಓದಿರಲಿಲ್ಲ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು. ಎರಡನೇ ಗುಟುಕು ಕುಡಿಯಲಿಲ್ಲ. ಕಿಂಗ್‌ಫಿಶರ್ ಇಲ್ಲವಾ ಅಂತ ಕೇಳಿದರು. ಇರಲಿಲ್ಲ. ಲಿಂಬೆ ಸೋಡಾ ತರಿಸಿದೆವು.

ಮನೆಗೆ ಬಂದು ಡೈರಿ ತಿರುವಿ ಹಾಕಿದೆ. 'ಸಪ್ಪೆ', 'ನೊರೆ ಇಲ್ಲ', 'ಬ್ಯಾಚ್ ಸರಿಯಿಲ್ಲ' ಅಂತ ನಾಲ್ಕೈದು ಕಡೆ ಇದೆ. ಅವುಗಳಲ್ಲಿ ಬಿಯರ್ ಎಷ್ಟು, ಗ್ಲಾಸ್ ಎಷ್ಟು? ಕಾರ್ಖಾನೆಯಲ್ಲಿ ಗೇಜಿನ ಮೇಲೆ ಬೆರಳಚ್ಚು ಕಂಡರೆ ಇಡೀ ದಿನದ ಅಳತೆ ತಿರಸ್ಕರಿಸುವವನು ನಾನು.

ಮೂರು ಗ್ಲಾಸಿನ ಪರೀಕ್ಷೆ

ಆ ಹಠಕ್ಕೆ ಒಂದು ಪರೀಕ್ಷೆ ಮಾಡಿದೆವು. ಬ್ರೂವರುಗಳೇ ಮಾಡುವಂಥದ್ದು. ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಚೆನ್ನಾಗಿದೆ ಅಂತ ಹೇಳಬೇಕಿಲ್ಲ, ಬೇರೆಯದು ಯಾವುದು ಅಂತ ತೋರಿಸಿದರೆ ಸಾಕು. ಗುರುತಿನ ಬಾರ್‌ನವನೊಬ್ಬ ಒಪ್ಪಿದ. ಒಂದೇ ಗೋಧಿ ಬಿಯರಿನ ಎರಡು ಬ್ಯಾಚ್, ಹಳೇ ತೊಟ್ಟಿಯ ತಳದ್ದು ಮತ್ತು ಅವತ್ತೇ ತೆರೆದದ್ದು. ಗ್ಲಾಸಿನಡಿ ಅಂಕಿ ಅಂಟಿಸಿದ. ಚಿವಡಾ ದೂರ ಇಟ್ಟೆವು, ನಿಂಬೆ ಹಿಂಡಿದ ಕಡಲೆಬೀಜ ದೂರ ಇಟ್ಟೆವು. ತೀರಾ ತಣ್ಣಗಿದ್ದರೆ ನಾಲಗೆ ಜೋಮು ಹಿಡಿಯುತ್ತದೆಂದು ಹತ್ತು ನಿಮಿಷ ಕಾದೆವು. ಆ ದಿನ ಇನ್ನಿಬ್ಬರು ಸೇರಿ ಐವರಿದ್ದೆವು. ಎಲ್ಲರೂ ಋಷಿಗಳ ಹಾಗೆ ಕಣ್ಣು ಮುಚ್ಚಿ ಮೂಸಿದ್ದೇ ಮೂಸಿದ್ದು. ಸರಿಯಾಗಿ ಹೇಳಿದವರು ಇಬ್ಬರು. ಕಣ್ಣು ಮುಚ್ಚಿ ಬೆರಳಿಟ್ಟರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತದೆ, ಅಂದರೆ ಐವರಲ್ಲಿ ಹೆಚ್ಚುಕಡಿಮೆ ಇಬ್ಬರದು. ನಾನು ತಪ್ಪು ಹೇಳಿದ್ದೆ, ಅದೂ ಬಹಳ ಗಟ್ಟಿಯಾಗಿ. ಎರಡು ಗ್ಲಾಸು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಹೇಳಲಾಗದವನು ಹನ್ನೆರಡು ತಿಂಗಳ ಹಿಂದಿನದಕ್ಕೆ ಹೋಲಿಸಿ ಬರೆದಿದ್ದೆ.

ಈ ಏಪ್ರಿಲ್‌ನಲ್ಲಿ ಮಾವಿನ ಬಿಯರ್ ಮತ್ತೆ ಬಂತು. ಹೋದೆವು. ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದೆ, ಗುಳ್ಳೆ ನೇರ ಮೇಲೆ ಏಳುತ್ತಿತ್ತು. ಕಾರ್ಡು ಮಗುಚಿಟ್ಟೆ. ಡೈರಿಯಲ್ಲಿ ಬರೆದೆ: 'ಮೊದಲು ಸೊನೆ, ಆದರೆ ಸುಡುವಷ್ಟಲ್ಲ. ತಣ್ಣಗಿರುವಾಗ ಹುಲ್ಲಿನೊಳಗೆ ಹಣ್ಣಿಗೆ ಇಟ್ಟ ಕಾಯಿ. ಹತ್ತು ನಿಮಿಷ ಬಿಟ್ಟರೆ ಹಣ್ಣು. ನುಂಗಿದ ಮೇಲೆ, ಓಟೆ ಚೀಪಿ ಚೀಪಿ ಬೆಳ್ಳಗಾದ ಮೇಲೆ ಬರುವ ಹುಳಿ. ಸಿಹಿ ಇಲ್ಲ. ಹಿಂದೆ ಹುರಿಹಿಟ್ಟಿಲ್ಲ, ಹಸಿ ಗೋಧಿ ಇದೆ.' ಮುಂದಿನ ವರ್ಷ ಇದನ್ನು ಓದಿದರೆ ಏನಾದರೂ ಗೊತ್ತಾಗಬಹುದು. ಹಿಂದಿನ ಮೂರು ವರ್ಷದ ಸಾಲುಗಳನ್ನು ಗೆಳೆಯರಿಗೆ ಓದಿ ಹೇಳಿದೆ, ನಕ್ಕು ನಕ್ಕು ಮೇಜು ಅಲುಗಾಡಿತು.

ಬೇರರ್ ಬಂದು, ಹೇಗಿದೆ ಸರ್ ಈ ಸಲದ್ದು ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ವಿಜಯಪುರದವಳು, "ಹೋದ ವರ್ಷದ್ದ ಛಲೋ ಇತ್ತು" ಅಂದುಬಿಟ್ಟಳು. ಕುಂದಾಪುರದವನು ನನ್ನ ಮುಖ ನೋಡಿದ. ಹೋದ ಏಪ್ರಿಲ್ ಮೇ ಎರಡೂ ತಿಂಗಳು ಆಕೆ ತಂಗಿಯ ಮದುವೆಗೆಂದು ವಿಜಯಪುರದಲ್ಲಿದ್ದಳು. ಆ ಬಿಯರನ್ನು ಆಕೆ ಕುಡಿದೇ ಇರಲಿಲ್ಲ.